ಕೆಂಪು ವಹಿಯ ಏಳು ವರ್ಷ

ನಾನು ಕಲಬುರಗಿಯ ಒಂದು ಬೇಳೆ ಮಿಲ್ಲಿನಲ್ಲಿ ಮುನೀಮ. ಇಪ್ಪತ್ತಾರು ವರ್ಷಗಳಿಂದ ಬೇರೆಯವರ ಹಣದ ಲೆಕ್ಕ ಬರೆಯುತ್ತಿದ್ದೇನೆ. ಗಂಜ್‌ನಿಂದ, ಅಂದರೆ ಧಾನ್ಯದ ಮಾರುಕಟ್ಟೆಯಿಂದ, ಎಷ್ಟು ಚೀಲ ತೊಗರಿ ಬಂತು, ಎಷ್ಟು ಬೇಳೆಯಾಯಿತು, ಹೊಟ್ಟು ಎಷ್ಟಕ್ಕೆ ಹೋಯಿತು, ಯಾವ ಅಡತಿ ಅಂಗಡಿಗೆ ಎಷ್ಟು ಬಾಕಿ, ಇವು ನನ್ನ ದಿನದ ಕೆಲಸ. 2018ರ ನವೆಂಬರಿನಲ್ಲಿ ನನ್ನ ಹೆಂಡತಿಗೆ ಸ್ತನ ಕ್ಯಾನ್ಸರ್ ಇದೆ ಎಂದು ಬಯಾಪ್ಸಿ ವರದಿ ಬಂದಿತು. ಆ ಸಂಜೆ ಮನೆಗೆ ಹೋಗುವ ದಾರಿಯಲ್ಲಿ ಕೆಂಪು ಬಟ್ಟೆಯ ರಟ್ಟಿನ ಒಂದು ವಹಿ ಕೊಂಡೆ. ಏಕೆ ಕೊಂಡೆ ಎಂದು ಆಗ ಯಾರಾದರೂ ಕೇಳಿದ್ದರೆ ಉತ್ತರ ಇರಲಿಲ್ಲ. ತಲೆ ಕೆಲಸ ಮಾಡುತ್ತಿರಲಿಲ್ಲ, ಕೈಗೆ ಬರೆಯುವುದು ಮಾತ್ರ ಗೊತ್ತಿತ್ತು.

ಆ ವಹಿ ಈಗಲೂ ನಡೆಯುತ್ತಿದೆ. 2025ರ ನವೆಂಬರಿಗೆ ಏಳು ವರ್ಷ ತುಂಬಿದಾಗ ಎಲ್ಲವನ್ನೂ ಕೂಡಿಸಿದೆ. ಆಸ್ಪತ್ರೆ, ಪರೀಕ್ಷೆ, ಶಸ್ತ್ರಚಿಕಿತ್ಸೆ, ಕೀಮೋ, ರೇಡಿಯೇಷನ್ ಸೇರಿ ನಮ್ಮ ಕೈಯಿಂದ ಹೋದದ್ದು 3,28,000 ರೂಪಾಯಿ. ಅದೇ ಕಾಯಿಲೆಯಿಂದ ಆಸ್ಪತ್ರೆಯ ಹೊರಗೆ ಹೋದದ್ದು 6,47,050 ರೂಪಾಯಿ. ಹೆಚ್ಚು ಕಡಿಮೆ ಎರಡು ಪಟ್ಟು. ಕಾಯಿಲೆ ಗೊತ್ತಾದ ದಿನ ಮನೆಮಂದಿಯೆಲ್ಲ ಕುಳಿತು ಚಿಂತಿಸಿದ್ದು ಆ ಮೊದಲ ಮೊತ್ತದ ಬಗ್ಗೆ ಮಾತ್ರ. ಎರಡನೆಯದು ಬರುತ್ತದೆ ಎಂದು ನಮಗೆ ಯಾರೂ ಹೇಳಿರಲಿಲ್ಲ. ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಮೊದಲ ತಪ್ಪಿನಿಂದ ಹೇಳುತ್ತೇನೆ. ವರದಿ ಬಂದ ಮರುದಿನವೇ ಗಾಬರಿಯಲ್ಲಿ ನೇರವಾಗಿ ಒಂದು ಖಾಸಗಿ ಆಸ್ಪತ್ರೆಗೆ ಹೋದೆವು. ಎಂಟು ದಿನದಲ್ಲಿ ಶಸ್ತ್ರಚಿಕಿತ್ಸೆ ಆಯಿತು. ಬಿಲ್ಲು 1,40,000. ನಮ್ಮದು ಎ.ಪಿ.ಎಲ್. ಕಾರ್ಡು. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆ ಆಗ ತಾನೇ, 2018ರ ಅಕ್ಟೋಬರ್ ಕೊನೆಗೆ ಜಾರಿಗೆ ಬಂದಿತ್ತು. ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ನಮ್ಮಂಥವರಿಗೆ ಸರ್ಕಾರ ಗೊತ್ತುಮಾಡಿದ ಪ್ಯಾಕೇಜ್ ದರದ ಶೇಕಡಾ 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯೊಳಗೆ. ಆದರೆ ತುರ್ತು ಪ್ರಕರಣವಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಯಿಂದ ಶಿಫಾರಸು ಪತ್ರ ಬೇಕು, ಚಿಕಿತ್ಸೆಗೆ ಮುಂಚೆಯೇ ಒಪ್ಪಿಗೆ ಬೇಕು. ನಾವು ಬಿಲ್ಲು ಕಟ್ಟಿದ ಮೇಲೆ ಕೇಳಲು ಹೋದೆವು. ಹಿಂದಿನ ತಾರೀಖಿಗೆ ಏನೂ ಸಿಗುವುದಿಲ್ಲ ಎಂದರು. ಶಸ್ತ್ರಚಿಕಿತ್ಸೆಗೆ ಒಂದು ಪೈಸೆಯೂ ಬರಲಿಲ್ಲ. ಕೀಮೋ ಶುರುವಾಗುವ ಮೊದಲು ಒಂದು ಬೆಳಗ್ಗೆ ಸರ್ಕಾರಿ ಆಸ್ಪತ್ರೆಯಲ್ಲಿ ಸಾಲು ನಿಂತು ಪತ್ರ ತಂದೆ, ಮುಂದಿನದಕ್ಕೆ ಶೇಕಡಾ 30 ಸಿಕ್ಕಿತು. ಆ ಒಂದು ಬೆಳಗ್ಗೆಯನ್ನು ಎರಡು ವಾರ ಮುಂಚೆ ಕಳೆದಿದ್ದರೆ ಎಷ್ಟೋ ಉಳಿಯುತ್ತಿತ್ತು. ಕ್ಯಾನ್ಸರ್ ಎಂದ ಕೂಡಲೇ ಇವತ್ತೇ, ಈಗಲೇ ಎಂದು ಓಡುವುದು ಸಹಜ. ನಮ್ಮ ವೈದ್ಯರೇ ಆಮೇಲೆ ಹೇಳಿದರು: ಅವಳ ವಿಷಯದಲ್ಲಿ ನಾಲ್ಕೈದು ದಿನ ತಡವಾಗಿದ್ದರೆ ಏನೂ ಆಗುತ್ತಿರಲಿಲ್ಲ. ಆ ಮಾತನ್ನು ಮೊದಲ ದಿನವೇ ಬಾಯಿಬಿಟ್ಟು ಕೇಳಬೇಕಿತ್ತು.

ಇನ್ನೊಂದು ಸಂಗತಿ ನನ್ನನ್ನು ಬಹಳ ದಿನ ಕೊರೆಯಿತು. 2017ರಲ್ಲಿ ನನ್ನ ಸಂಬಳ 22,500 ಆಗಿತ್ತು. ಮನೆಯಲ್ಲಿ ಹೋಳಿಗೆ ಮಾಡಿದ್ದೆವು. ಇ.ಎಸ್.ಐ., ಅಂದರೆ ನೌಕರರ ರಾಜ್ಯ ವಿಮೆಯ ಸೌಲಭ್ಯ ತಿಂಗಳಿಗೆ 21,000ದವರೆಗೆ ಸಂಬಳ ಇರುವವರಿಗೆ. ಅದನ್ನು ದಾಟಿದ್ದರಿಂದ ನಾನು ಹೊರಗೆ ಬಿದ್ದಿದ್ದೆ. ಇ.ಎಸ್.ಐ. ಇದ್ದಿದ್ದರೆ ಹೆಂಡತಿಯ ಚಿಕಿತ್ಸೆಯೂ ಅದರಲ್ಲೇ ಬರುತ್ತಿತ್ತು, ನಮ್ಮ ಊರಲ್ಲೇ ಇ.ಎಸ್.ಐ. ವೈದ್ಯಕೀಯ ಕಾಲೇಜಿನ ದೊಡ್ಡ ಆಸ್ಪತ್ರೆ ಇದೆ. ಸಂಬಳ ಆ ಗೆರೆ ದಾಟಿದ ತಿಂಗಳೇ ನಾನು ಒಂದು ಆರೋಗ್ಯ ವಿಮೆ ಮಾಡಿಸಬೇಕಿತ್ತು. ಮಿಲ್ಲಿನ ಲಾರಿಗಳ ವಿಮೆ ಯಾವ ತಾರೀಖಿಗೆ ಮುಗಿಯುತ್ತದೆ ಎಂಬುದು ನನಗೆ ಬಾಯಿಪಾಠ ಇರುತ್ತದೆ. ಮನೆಯವರದು ತಲೆಗೇ ಬರಲಿಲ್ಲ. ಇವತ್ತು ಮಿಲ್ಲಿನಲ್ಲಿ ಯಾರ ಸಂಬಳ 21,000 ದಾಟಿದರೂ ಅವರನ್ನು ಕೂರಿಸಿಕೊಂಡು ಇದನ್ನು ಹೇಳುತ್ತೇನೆ.

ಹಣ ಎಲ್ಲಿಂದ ತಂದೆ ಎಂಬುದನ್ನು ಬಿಡಿಸಿ ಹೇಳಬೇಕು, ಏಕೆಂದರೆ ಏಳು ವರ್ಷದ ಕಷ್ಟ ನಿರ್ಧಾರವಾದದ್ದು ಆ ಮೊದಲ ಒಂದು ತಿಂಗಳಲ್ಲಿ. ಪಿ.ಎಫ್.ನಲ್ಲಿ ಕಾಯಿಲೆಗೆಂದು ಮುಂಗಡ ಸಿಗುತ್ತದೆ. ಆಗಿನ ನಿಯಮದಂತೆ ಆರು ತಿಂಗಳ ಮೂಲ ವೇತನ ಮತ್ತು ತುಟ್ಟಿಭತ್ಯೆ, ಇಲ್ಲವೇ ನಮ್ಮ ಪಾಲಿನ ಹಣ, ಯಾವುದು ಕಡಿಮೆಯೋ ಅಷ್ಟು. ಮರಳಿ ಕಟ್ಟಬೇಕಿಲ್ಲ, ಇಷ್ಟು ವರ್ಷ ಸೇವೆಯಾಗಿರಬೇಕು ಎಂಬ ಷರತ್ತೂ ಇರಲಿಲ್ಲ. ನನಗೆ 90,000 ಬಂತು. ಸಾಹುಕಾರರು ಸಂಬಳದ ಮೇಲೆ 60,000 ಮುಂಗಡ ಕೊಟ್ಟರು. ಅಣ್ಣ 50,000 ಕೊಟ್ಟ.

ಆಳಂದದ ಕಡೆ ನಮ್ಮ ಹಳ್ಳಿಯಲ್ಲಿ ನನ್ನ ಪಾಲಿಗೆ ಮೂರು ಎಕರೆ ಕರಿನೆಲವಿದೆ. ಅದನ್ನು ಮಾರುವ ಮಾತು ಬಂತು. ಒಬ್ಬರು ಕೊಳ್ಳಲು ಮುಂದೆ ಬಂದರು, ಅವರು ಹೇಳಿದ ದರ ಅಕ್ಕಪಕ್ಕದ ಹೊಲ ಹೋದ ದರದ ಮುಕ್ಕಾಲು ಭಾಗವೂ ಇರಲಿಲ್ಲ. ನಮಗೆ ಎಷ್ಟು ಅವಸರವಿದೆ ಎಂದು ಅವರಿಗೆ ಗೊತ್ತಿತ್ತು. ನಾನು ಒಪ್ಪುವವನಿದ್ದೆ. ಹೆಂಡತಿ ಬ್ಯಾಂಡೇಜಿನ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು ಮಲಗಿದ್ದಳು. ಅಣ್ಣ ಬಾಗಿಲಲ್ಲಿ ನಿಂತು, ‘ತಮ್ಮಾ, ಜೀವಕ್ಕಿಂತ ಹೊಲ ದೊಡ್ಡದಲ್ಲ’ ಎಂದ. ಅವಳು ಅಲ್ಲಿಂದಲೇ ಹೇಳಿದಳು: ‘ಭಾವ, ನಾನು ಬದುಕಿದರೆ ಆಮೇಲೆ ಏನು ಉಣ್ಣಬೇಕು? ಮಾರಬೇಡಿ, ಲಾವಣಿ ಹಾಕಿ.’ ಮೂರು ವರ್ಷಕ್ಕೆ ಲಾವಣಿಗೆ, ಅಂದರೆ ಗುತ್ತಿಗೆಗೆ ಹಾಕಿ 90,000 ಒಟ್ಟಿಗೆ ತಂದೆವು. ಸ್ವಂತಕ್ಕೆ ಬಿತ್ತಿದ್ದರೆ ಹೆಚ್ಚು ಬರುತ್ತಿತ್ತೋ ಏನೋ, ಆ ವರ್ಷ ನಮ್ಮ ಕಡೆ ಬರಗಾಲವೂ ಇತ್ತು. ಆದರೆ ನಾಲ್ಕನೆಯ ವರ್ಷ ಹೊಲ ನಮಗೆ ಮರಳಿ ಬಂತು. ಆ ದಿನ ಅವಳ ಮಾತು ನಡೆಯದಿದ್ದರೆ ಇವತ್ತು ನಮಗೆ ಊರಲ್ಲಿ ಏನೂ ಉಳಿಯುತ್ತಿರಲಿಲ್ಲ.

ಇಷ್ಟಾದರೂ ಸಾಲದೆ 1,20,000 ರೂಪಾಯಿ ಬಡ್ಡಿಗೆ ತಂದೆ. ತಿಂಗಳಿಗೆ ನೂರಕ್ಕೆ ಮೂರು. ಇದು ನನ್ನ ಎರಡನೆಯ ದೊಡ್ಡ ತಪ್ಪು, ಮತ್ತು ಲೆಕ್ಕ ಬಲ್ಲವನು ಮಾಡಬಾರದಿದ್ದ ತಪ್ಪು. ಮನೆಯಲ್ಲಿ ಆರು ತೊಲೆ ಬಂಗಾರ ಇತ್ತು, ಮಗಳ ಮದುವೆಗೆಂದು ಎತ್ತಿಟ್ಟಿದ್ದು. ಅದನ್ನು ಮುಟ್ಟುವುದು ಅಪಶಕುನ ಎಂದು ಮನಸ್ಸು ಹೇಳಿತು. ಬಂಗಾರ ಬ್ಯಾಂಕಿಗೆ ಹೋದರೆ ಅವಳು ಬದುಕುವುದಿಲ್ಲ ಎಂದು ಒಪ್ಪಿಕೊಂಡಂತೆ ಆಗುತ್ತದೆ ಎಂಬ ಭಾವನೆ. ಯಾರಿಗೂ ಹೇಳಿಕೊಂಡಿರಲಿಲ್ಲ. ತಿಂಗಳಿಗೆ 3,600 ಬಡ್ಡಿ. ಇಪ್ಪತ್ತೆರಡು ತಿಂಗಳು ಕಟ್ಟಿದೆ, 79,200 ರೂಪಾಯಿ ಹೋಯಿತು, ಅಸಲಿನಲ್ಲಿ ಒಂದು ರೂಪಾಯಿ ಕಡಿಮೆಯಾಗಲಿಲ್ಲ. ಬ್ಯಾಂಕಿನಲ್ಲಿ ಅದೇ ಹಣವನ್ನು ಬಂಗಾರದ ಮೇಲೆ ತೆಗೆದಿದ್ದರೆ ವರ್ಷಕ್ಕೆ ನೂರಕ್ಕೆ ಹತ್ತು ಹಿಡಿದರೂ ತಿಂಗಳಿಗೆ 1,000 ರೂಪಾಯಿ, ಒಟ್ಟು 22,000. ಉಳಿದ 57,200 ರೂಪಾಯಿ ನನ್ನ ಹೆದರಿಕೆಗೆ ತೆತ್ತ ದಂಡ.

2020ರ ಅಕ್ಟೋಬರಿನಲ್ಲಿ ಕೊನೆಗೂ ನಾಲ್ಕು ತೊಲೆ ಬ್ಯಾಂಕಿನಲ್ಲಿಟ್ಟು ಆ ಸಾಲ ಹರಿದೆ. ಬಂಗಾರದ ದರ ಆಗ ಏರಿತ್ತು, ನಾಲ್ಕೇ ತೊಲೆ ಸಾಕಾಯಿತು. ಮೊದಲು ಬಡ್ಡಿಗೆ ಹೋಗುತ್ತಿದ್ದ ಅದೇ 3,600ನ್ನು ತಿಂಗಳು ತಿಂಗಳು ಬ್ಯಾಂಕಿಗೆ ಕಟ್ಟುತ್ತಾ ಹೋದೆ. ಈಗ ಪ್ರತಿ ತಿಂಗಳೂ ಅಸಲು ಇಳಿಯುತ್ತಿತ್ತು. ಅದನ್ನು ವಹಿಯಲ್ಲಿ ನೋಡುವುದೇ ಒಂದು ಧೈರ್ಯ. ಲಾವಣಿ ಮುಗಿದು ಹೊಲ ಬಂದ ಮೊದಲ ಹಂಗಾಮು, 2022, ನೆಟೆ ರೋಗಕ್ಕೆ ತೊಗರಿ ನಿಂತಲ್ಲೇ ಒಣಗಿತು. ಮರುವರ್ಷ ಬೆಳೆ ಸಾಧಾರಣ, ದರ ಒಳ್ಳೆಯದು. 2024ರ ಜನವರಿಯಲ್ಲಿ ರಾಶಿಯಾದ ಮೇಲೆ ಉಳಿದದ್ದು ಕಟ್ಟಿ ಬಂಗಾರ ಬಿಡಿಸಿಕೊಂಡು ಬಂದೆ. ಅವಳು ಸರವನ್ನು ಕೈಯಲ್ಲಿ ಹಿಡಿದು ತೂಗಿ ನೋಡಿ ಪೆಟ್ಟಿಗೆಗೆ ಹಾಕಿದಳು. ಏನೂ ಮಾತನಾಡಲಿಲ್ಲ.

ಈಗ ಆ 6,47,050ರ ಬಗ್ಗೆ. ಅದರಲ್ಲಿ ಬಡ್ಡಿಯ ವಿಷಯ ಹೇಳಿದೆ. ಚಿಕಿತ್ಸೆಯ ಅವಧಿಯ ಓಡಾಟ, ಊಟ, ವಸತಿ 46,000. ನಾನು ಸಂಬಳವಿಲ್ಲದೆ ರಜೆ ಹಾಕಿದ 71 ದಿನಕ್ಕೆ 53,250. ಶಸ್ತ್ರಚಿಕಿತ್ಸೆಯ ನಂತರ ಬಾವು ಬರುವ ಕೈಗೆ ಹಾಕುವ ಬಿಗಿ ಬಟ್ಟೆಯ ತೋಳಿಗೆ 33,600. ಚಿಕಿತ್ಸೆ ಮುಗಿದ ಮೇಲಿನ ಮಾತ್ರೆ, ವರ್ಷದ ಮ್ಯಾಮೊಗ್ರಾಮ್, ರಕ್ತ ಪರೀಕ್ಷೆ, ಆಸ್ಪತ್ರೆಗೆ ಹೋಗಿಬರುವುದು ವರ್ಷಕ್ಕೆ ಸುಮಾರು 14,000, ಆರು ವರ್ಷಕ್ಕೆ 84,000. ಇವನ್ನೆಲ್ಲ ಕೂಡಿಸಿದರೂ ಮೂರು ಲಕ್ಷ ಆಗುವುದಿಲ್ಲ. ಎಲ್ಲಕ್ಕಿಂತ ದೊಡ್ಡ ಬಾಬ್ತು ನನಗೆ ಎರಡು ವರ್ಷ ಕಾಣಿಸಲೇ ಇಲ್ಲ.

ನನ್ನ ಹೆಂಡತಿ ಮನೆಯಲ್ಲೇ ಹೊಲಿಗೆ ಮಾಡುತ್ತಿದ್ದಳು. ಕುಪ್ಪಸ, ಮಕ್ಕಳ ಶಾಲೆಯ ಸಮವಸ್ತ್ರ, ಸೀರೆಗೆ ಫಾಲ್. ಆ ಹಣ ನನ್ನ ಕೈಗೆ ಎಂದೂ ಬಂದದ್ದಿಲ್ಲ. ಹಾಲಿನವನಿಗೆ, ತರಕಾರಿಗೆ, ಮಕ್ಕಳ ಪುಸ್ತಕಕ್ಕೆ, ಸಂಬಂಧಿಕರ ಮದುವೆಯ ಆಯೇರಿಗೆ ಅಲ್ಲಿಂದಲ್ಲಿಗೇ ಹೋಗುತ್ತಿತ್ತು. ನಾನು ಬರೆಯುತ್ತಿದ್ದ ಮನೆಯ ಕಿರ್ದಿಯಲ್ಲಿ ಜಮಾ ಬದಿಗೆ ಇದ್ದದ್ದು ನನ್ನ ಸಂಬಳ ಮತ್ತು ಹೊಲದ ಹುಟ್ಟುವಳಿ ಮಾತ್ರ. ಅವಳ ದುಡಿಮೆಗೆ ಒಂದು ಸಾಲೂ ಇರಲಿಲ್ಲ. ಚಿಕಿತ್ಸೆ ಮುಗಿದ ಮೇಲೂ ತಿಂಗಳ ಕೊನೆಗೆ ಶಿಲ್ಕು ಸೊನ್ನೆಗಿಂತ ಕೆಳಗೆ ಹೋಗುತ್ತಿತ್ತು. ಎಲ್ಲಿ ಸೋರುತ್ತಿದೆ ಎಂದು ತಿಂಗಳುಗಟ್ಟಲೆ ಹುಡುಕಿದೆ. ಮಕ್ಕಳು ಹೆಚ್ಚು ಖರ್ಚು ಮಾಡುತ್ತಿದ್ದಾರೆ ಎಂದು ಒಮ್ಮೆ ರೇಗಿದ್ದೂ ಉಂಟು. ಅದನ್ನು ನೆನೆದರೆ ಇವತ್ತಿಗೂ ನೋವಾಗುತ್ತದೆ.

ಒಂದು ದಿನ ಹೊಲಿಗೆ ಯಂತ್ರದ ಖಾನೆಯಲ್ಲಿ ಅವಳ ಅಳತೆ ಪುಸ್ತಕ ಸಿಕ್ಕಿತು. ಇನ್ನೂರು ಪುಟದ ಉದ್ದ ನೋಟು ಪುಸ್ತಕ, ಸೀಮೆಸುಣ್ಣದ ಪುಡಿ ಹತ್ತಿದ್ದು. ಪ್ರತಿ ಪುಟದಲ್ಲೂ ಮನೆಯ ಗುರುತು, ಎದೆ, ತೋಳು, ಉದ್ದ, ಕೊನೆಗೆ ಕೂಲಿ, ಕೊಟ್ಟ ಮೇಲೆ ಒಂದು ಸಣ್ಣ ಗೀಟು. ಎರಡು ವರ್ಷದ ಗೀಟುಗಳನ್ನು ಕುಳಿತು ಕೂಡಿಸಿದೆ. ದಸರಾ, ದೀಪಾವಳಿಯ ತಿಂಗಳಲ್ಲಿ 11,000ದವರೆಗೆ, ಆಷಾಢದಲ್ಲಿ ಮೂರು ಸಾವಿರ, ಸರಾಸರಿ ತಿಂಗಳಿಗೆ 6,500. ಇಪ್ಪತ್ತು ವರ್ಷ ಲೆಕ್ಕ ಬರೆದವನ ಮನೆಯಲ್ಲಿ, ಲೆಕ್ಕಕ್ಕೆ ಹಿಡಿಯದ ಹಣದ ಮೇಲೆ ಮನೆ ನಿಂತಿತ್ತು.

ಕಂಕುಳಿನ ದುಗ್ಧರಸ ಗ್ರಂಥಿಗಳನ್ನು ತೆಗೆದ ಮೇಲೆ ಅವಳ ಬಲಗೈ ಬಾವು ಬರತೊಡಗಿತು. ವೈದ್ಯರು ಲಿಂಫೆಡಿಮಾ ಎನ್ನುತ್ತಾರೆ. ಆ ಕೈಗೆ ಸೂಜಿ ಚುಚ್ಚಿಸಬೇಡಿ, ರಕ್ತದೊತ್ತಡದ ಪಟ್ಟಿ ಕಟ್ಟಿಸಬೇಡಿ, ಭಾರ ಎತ್ತಬೇಡಿ ಎಂದರು. ಬೆಳಗ್ಗೆ ಎದ್ದ ಕೂಡಲೇ ಬೆರಳ ತುದಿಯಿಂದ ಭುಜದ ಕಡೆಗೆ ಮೆಲ್ಲನೆ ಸವರಿಕೊಂಡು, ಮೈಬಣ್ಣದ ಬಿಗಿ ತೋಳನ್ನು ಮಣಿಕಟ್ಟಿನಿಂದ ಮೇಲಕ್ಕೆ ಎಳೆದುಕೊಳ್ಳುತ್ತಾಳೆ. ಆರು ತಿಂಗಳಿಗೆ ಅದರ ಬಿಗಿ ಸಡಿಲುತ್ತದೆ, ಹೊಸದು ಬೇಕು, ಒಂದಕ್ಕೆ 2,800. ಮೊದಲ ಎರಡು ವರ್ಷ ಯಂತ್ರದ ಮೇಲೆ ಹೊದಿಕೆಯೇ ಇತ್ತು. ಈಗ ದಿನಕ್ಕೆ ಎರಡು ತಾಸು ಹೊಲಿಯುತ್ತಾಳೆ. ಮೊದಲಿನ ಅರ್ಧ ದುಡಿಮೆ. ಹೀಗೆ ಏಳು ವರ್ಷಕ್ಕೆ ಲೆಕ್ಕ ಹಾಕಿದರೆ ನಿಂತುಹೋದ ಹಣ 3,51,000. ಆಸ್ಪತ್ರೆಗೆ ಕೊಟ್ಟ ಒಟ್ಟು ಮೊತ್ತಕ್ಕಿಂತ ಹೆಚ್ಚು.

ಆದ್ದರಿಂದ ಈಗ ಯಾರಾದರೂ ಫೈಲು ಹಿಡಿದು ನನ್ನ ಬಳಿ ಬಂದರೆ, ಬಿಲ್ಲು ಎಷ್ಟು ಎಂದು ಕೇಳುವ ಮೊದಲು ಕಾಯಿಲೆಯಾದವರು ಮನೆಯಲ್ಲಿ ಏನೇನು ಕೆಲಸ ಮಾಡುತ್ತಿದ್ದರು ಎಂದು ಕೇಳುತ್ತೇನೆ. ಕೂಲಿ, ಹೈನು, ಹೊಲಿಗೆ, ಹೊಲದಲ್ಲಿ ಕಳೆ ತೆಗೆಯುವುದು, ಮುದುಕರ ಆರೈಕೆ, ಎಲ್ಲವೂ. ಅದು ನಿಂತರೆ ತಿಂಗಳಿಗೆ ಎಷ್ಟು ಹೊರಗಿನಿಂದ ತರಬೇಕಾಗುತ್ತದೆ ಎಂದು ಆ ದಿನವೇ ಬರೆಯಿರಿ ಎನ್ನುತ್ತೇನೆ. ಎಷ್ಟು ಸಾಲ ಹೊರಬಹುದು ಎಂಬುದು ಅಲ್ಲಿಂದ ತಿಳಿಯುತ್ತದೆ, ಬಿಲ್ಲಿನಿಂದಲ್ಲ.

ಕೆಲವು ಉಪಯೋಗಕ್ಕೆ ಬಂದ ಸಂಗತಿಗಳನ್ನೂ ಹೇಳಬೇಕು. ರೇಡಿಯೇಷನ್‌ಗೆ ಬೆಂಗಳೂರಿನ ಕಿದ್ವಾಯಿಗೆ ಹೋದೆವು. ಹದಿನೈದು ಸಲ, ಮೂರು ವಾರ, ಧರ್ಮಶಾಲೆಯಲ್ಲಿ ವಾಸ. ಕ್ಯಾನ್ಸರ್ ರೋಗಿಗೆ ಚಿಕಿತ್ಸೆಗಾಗಿ ಹೋಗಿಬರುವ ರೈಲಿನಲ್ಲಿ ಸ್ಲೀಪರ್ ದರ್ಜೆ ಪೂರ್ತಿ ಉಚಿತ, ಜೊತೆಗಿರುವ ಒಬ್ಬರಿಗೆ ಶೇಕಡಾ 75 ರಿಯಾಯಿತಿ. ಆಸ್ಪತ್ರೆಯಿಂದ ನಿಗದಿತ ನಮೂನೆಯ ಪತ್ರ ಬೇಕು. ಇದನ್ನು ನನಗೆ ಹೇಳಿದ್ದು ಧರ್ಮಶಾಲೆಯಲ್ಲಿ ಪಕ್ಕದಲ್ಲಿದ್ದ ಬೀದರಿನ ಒಬ್ಬ ತಾಯಿ. ಬಯಾಪ್ಸಿಯ ಮೇಣದ ಬ್ಲಾಕನ್ನು, ಅಂದರೆ ತೆಗೆದ ತುಣುಕನ್ನು ಮೇಣದಲ್ಲಿ ಕಾಯ್ದಿಟ್ಟದ್ದನ್ನು, ಕೇಳಿ ಪಡೆದಿಟ್ಟುಕೊಳ್ಳಿ ಎಂದದ್ದೂ ಅವರೇ. ಬೇರೆ ಆಸ್ಪತ್ರೆಗೆ ಹೋದಾಗ ಮತ್ತೆ ಮಾಂಸ ತೆಗೆಯುವುದು ತಪ್ಪಿತು. ನಮ್ಮವಳದು ಹಾರ್ಮೋನಿಗೆ ಸ್ಪಂದಿಸುವ ಬಗೆ, ಹರ್-2 ಎಂಬ ಪ್ರೋಟೀನು ಹೆಚ್ಚಿಲ್ಲದ್ದು. ಹಾಗಾಗಿ ದಿನಕ್ಕೊಂದು ಟ್ಯಾಮೋಕ್ಸಿಫೆನ್ ಮಾತ್ರೆಯಲ್ಲಿ ಮುಗಿಯಿತು, ಅದು ದುಬಾರಿಯಲ್ಲ. ಹರ್-2 ಇದ್ದವರಿಗೆ ಮೂರು ವಾರಕ್ಕೊಂದು ಇಂಜೆಕ್ಷನ್ ಸಾಮಾನ್ಯವಾಗಿ ಒಂದು ವರ್ಷ ನಡೆಯುತ್ತದೆ, ಅವರ ಲೆಕ್ಕವೇ ಬೇರೆ. ಯಾವ ಬಗೆ ಎಂದು ಹೇಳುವ ಆ ಒಂದು ವರದಿ ಬರುವವರೆಗೆ ಖರ್ಚಿನ ಅಂದಾಜು ಹಾಕಲು ಹೋಗಬೇಡಿ.

ವಿಮೆಯ ವಿಷಯ. 2019ರಲ್ಲಿ ನನಗೂ ಮಕ್ಕಳಿಗೂ ಪಾಲಿಸಿ ಮಾಡಿಸಿದೆ. ಏಜೆಂಟರೊಬ್ಬರು ಅವಳನ್ನೂ ಸೇರಿಸೋಣ, ಕಾಯಿಲೆಯ ವಿಷಯ ಬರೆಯುವುದು ಬೇಡ ಎಂದರು. ನಾನು ಒಪ್ಪಲಿಲ್ಲ. ಮುಚ್ಚಿಟ್ಟ ಮಾಹಿತಿ ಬೇಕಾದ ಹೊತ್ತಿಗೆ ಹೊರಬಿದ್ದು ಕ್ಲೇಮು ತಿರಸ್ಕಾರವಾದರೆ ಕಟ್ಟಿದ ಕಂತೂ ಹೋಯಿತು, ನಂಬಿಕೊಂಡ ಆಸರೆಯೂ ಹೋಯಿತು. ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿ 2024ರಿಂದ ಹೆಚ್ಚೆಂದರೆ ಮೂರು ವರ್ಷ ಎಂದು ಇಳಿಸಿದ್ದಾರೆ. ಆದರೂ ಕ್ಯಾನ್ಸರ್ ಬಂದವರಿಗೆ ಪಾಲಿಸಿ ಕೊಡುವ ಕಂಪನಿ ಸಿಗುವುದು ಕಷ್ಟ. ಅವಳ ಹೆಸರಿನಲ್ಲಿ ತಿಂಗಳಿಗೆ 1,500 ಬೇರೆ ಖಾತೆಗೆ ಹಾಕುತ್ತಾ ಬಂದಿದ್ದೇನೆ. ಸದ್ಯಕ್ಕೆ ಅದೇ ಅವಳ ವಿಮೆ.

ಮಗಳ ಬಗ್ಗೆ ಬರೆಯುವಾಗ ಕೈ ತಡೆಯುತ್ತದೆ. 2019ರಲ್ಲಿ ಎರಡನೆಯ ಪಿ.ಯು. ಮುಗಿಸಿದಳು. ಒಳ್ಳೆಯ ಅಂಕಗಳಿದ್ದವು. ಅಮ್ಮನ ಜೊತೆ ಬೆಂಗಳೂರಿಗೆ ಹೋಗುವವರು ಯಾರು, ತಮ್ಮನಿಗೆ ರೊಟ್ಟಿ ಮಾಡುವವರು ಯಾರು ಎಂದು ನಾವು ಯೋಚಿಸುವ ಮೊದಲೇ, ‘ಈ ವರ್ಷ ನಾನು ಸೇರುವುದಿಲ್ಲ ಅಪ್ಪಾ’ ಎಂದಳು. ಹಣವಿಲ್ಲ ಎಂದು ನಾವು ಅವಳಿಗೆ ಹೇಳಿರಲಿಲ್ಲ. ರಾತ್ರಿ ನಾವಿಬ್ಬರೂ ಪಿಸುಗುಟ್ಟಿದ್ದನ್ನು ಅರ್ಧ ಕೇಳಿ, ಉಳಿದದ್ದನ್ನು ಅವಳೇ ಊಹಿಸಿದ್ದಳು, ಇದ್ದದ್ದಕ್ಕಿಂತ ಕೆಟ್ಟದಾಗಿ. ಮರುವರ್ಷ ಸಿ.ಇ.ಟಿ.ಯಲ್ಲಿ ಸೀಟು ಸಿಕ್ಕಿತು, ನಮ್ಮ ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡುವ 371ಜೆ ಪ್ರಮಾಣಪತ್ರ ಕೈ ಹಿಡಿಯಿತು. ಶಿಕ್ಷಣ ಸಾಲ ಮಾಡಿದೆವು. 4 ಲಕ್ಷದವರೆಗೆ ಆಸ್ತಿ ಅಡವು ಕೇಳುವುದಿಲ್ಲ, ಓದು ಮುಗಿದು ಒಂದು ವರ್ಷದವರೆಗೆ ಕಂತು ಇಲ್ಲ. ಈ ಸಾಲವಿದೆ ಎಂದು ಒಂದು ವರ್ಷ ಮೊದಲೇ ಅವಳನ್ನು ಕೂರಿಸಿ ಹೇಳಿದ್ದರೆ ಆ ವರ್ಷ ಹೋಗುತ್ತಿರಲಿಲ್ಲವೇನೋ. ಆಮೇಲೆ ಕೆಂಪು ವಹಿಯನ್ನು ಮಕ್ಕಳಿಬ್ಬರ ಮುಂದೆಯೂ ಬಿಚ್ಚಿಟ್ಟೆ. ಮಗ ಒಂಬತ್ತನೆಯ ತರಗತಿಯಲ್ಲಿದ್ದ. ಪುಟ ಪುಟ ನೋಡಿ, ‘ಇಷ್ಟೇ ಏನು ಸಾಲ?’ ಎಂದ. ಅವನ ತಲೆಯಲ್ಲಿ ಹತ್ತು ಲಕ್ಷ ಇತ್ತಂತೆ.

ಮಗಳು ಕಳೆದುಕೊಂಡ ಆ ವರ್ಷಕ್ಕೆ ವಹಿಯಲ್ಲಿ ಒಂದು ಸಾಲು ಬಿಟ್ಟಿದ್ದೇನೆ. ತಾರೀಖು ಇದೆ, ವಿವರ ಇದೆ, ಮೊತ್ತದ ಜಾಗ ಖಾಲಿ.

2024ರ ಆಗಸ್ಟಿಗೆ ಮಾತ್ರೆಗೆ ಐದು ವರ್ಷ ತುಂಬಿತು. ನಿಲ್ಲಿಸುತ್ತಾರೆ ಎಂದುಕೊಂಡಿದ್ದೆವು. ವೈದ್ಯರು ಇನ್ನೂ ಐದು ವರ್ಷ ಮುಂದುವರಿಸೋಣ ಎಂದರು. ಅಂದರೆ 2029ರವರೆಗೆ ಮಾತ್ರೆ, ವರ್ಷ ವರ್ಷ ಪರೀಕ್ಷೆ, ಆರು ತಿಂಗಳಿಗೊಂದು ತೋಳು. ಅದಕ್ಕೆಲ್ಲ ಈಗಲೇ ಪುಟ ಹಾಕಿದ್ದೇನೆ.

ಹೋದ ನವೆಂಬರಿನಲ್ಲಿ ಏಳು ವರ್ಷದ ಮೊತ್ತ ಕೂಡಿಸಿದ ರಾತ್ರಿ ಮನೆಯ ಕಿರ್ದಿಯಲ್ಲಿ ಜಮಾ ಬದಿಗೆ ಅವಳ ಹೆಸರಿನ ಕಲಂ ಎಳೆದೆ. ‘ಇದನ್ನು ನೀನೇ ಬರೆ’ ಎಂದೆ. ‘ನಿಮ್ಮ ಅಕ್ಷರದ ಪಕ್ಕದಲ್ಲಿ ನನ್ನದು ಚೆನ್ನಾಗಿ ಕಾಣಿಸುವುದಿಲ್ಲ ರೀ’ ಎಂದಳು. ಆದರೂ ಬಿಗಿ ತೋಳನ್ನು ಮಣಿಕಟ್ಟಿನ ಬಳಿ ಸ್ವಲ್ಪ ಹಿಂದಕ್ಕೆ ಸರಿಸಿಕೊಂಡು ಪೆನ್ನು ತೆಗೆದುಕೊಂಡಳು. ಎರಡು ಕುಪ್ಪಸ, ಒಂದು ಫಾಲ್, 460 ರೂಪಾಯಿ.